ಪೆಟ್ಟಿಗೆಯಲ್ಲಿದ್ದ ಬಿಳಿ ಬಟ್ಟೆ

ಶಿರಾ,
೧೧ ಫೆಬ್ರವರಿ ೧೯೫೮

ಪ್ರೀತಿಯ ಅಮ್ಮಾ,

ರಶೀದನ ಸಲಾಮ್. ನಿನ್ನ ಮೊಣಕಾಲು ನೋವು ಹೇಗಿದೆ? ಹೊಸಕೋಟೆಯ ನೀರು ಮೈಗೆ ಒಗ್ಗಿತೇ? ಬಾಣಂತಿ ಮತ್ತು ಕೂಸು ಚೆನ್ನಾಗಿದ್ದಾರೆಯೇ? ತಂಗೀ ಜಹೀದಾ, ಈ ಕಾಗದವನ್ನು ಅಮ್ಮನಿಗೆ ನೀನೇ ಓದಿ ಹೇಳು. ಯಾವ ಸಾಲನ್ನೂ ನುಂಗಬೇಡ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯುವುದು ಅಭ್ಯಾಸ. ಆದರೆ ಪಕ್ಕದ ಮನೆಯ ರಹೀಮುನ್ನೀಸಾ ಖಾಲಾ ಗುರುವಾರ ಮಧ್ಯಾಹ್ನ ತೀರಿಕೊಂಡಳು. ಪುಣ್ಯದ ದಿನ ಶುಕ್ರವಾರದವರೆಗೂ ಕಾಯಲಿಲ್ಲ. ನಿನ್ನೊಡನೆ ಮೂವತ್ತು ವರ್ಷ ಜಗಳವಾಡಿಯೂ ಒಂದು ದಿನವೂ ಮಾತು ಬಿಟ್ಟವಳಲ್ಲ. ಇನ್ನೊಂದು ವಿಷಯವನ್ನು ನೇರವಾಗಿ ಬರೆದುಬಿಡುತ್ತೇನೆ. ನಿನ್ನ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿದ್ದ ಕಫನ್ ಬಟ್ಟೆ ಈಗ ಅಲ್ಲಿಲ್ಲ. ಹಜ್ಜಿಗೆ ಹೋಗಿದ್ದ ಮಾಮು ಮೆಕ್ಕಾದ ಜಮ್‌ಜಮ್ ಬಾವಿಯ ನೀರಿನಲ್ಲಿ ಅದ್ದಿ, ಒಣಗಿಸಿ, ಹಡಗಿನಲ್ಲಿ ತಂದುಕೊಟ್ಟದ್ದು. ನಿನ್ನನ್ನು ಮಣ್ಣು ಮಾಡುವ ದಿನಕ್ಕೆಂದು ನೀನು ಏಳು ವರ್ಷ ಬೇವಿನೆಲೆಯ ನಡುವೆ ಕಾಪಾಡಿದ್ದು. ಅದನ್ನು ಖಾಲಾಗೆ ಹೊದಿಸಿದರು. ಕೊಟ್ಟವನು ನಾನು.

ವರ್ಷಕ್ಕೊಮ್ಮೆ ಅದನ್ನು ಬಿಸಿಲಿಗೆ ಹಾಕಿ ನೀನು, 'ಇದು ನನ್ನ ಟಿಕೀಟು ಕಣೇ ರಹೀಮಾ' ಅನ್ನುತ್ತಿದ್ದೆ. ಅವಳು ಬೀಡಿ ಎಲೆ ಕತ್ತರಿಸುತ್ತಲೇ, 'ಟಿಕೀಟು ಇದ್ರೆ ಆಗೋಯ್ತಾ? ಬಸ್ಸಿನೋನು ನಿಲ್ಲಿಸ್‌ಬ್ಯಾಡ್ವಾ?' ಎಂದು ಕಾಡುತ್ತಿದ್ದಳು. ಗುರುವಾರ ನಾನು ಸ್ಕೂಲಿನಿಂದ ಮಧ್ಯಾಹ್ನದ ಊಟಕ್ಕೆ ಬಂದಾಗ ಅವಳಿಗೆ ಮೇಲುಸಿರು. 'ರಶೀದಾ, ನಮಾಜಿಗೂ ನಂಗೂ ಆಗಿಬರ್ಲಿಲ್ಲ ಕಣಪ್ಪ. ಬರಿಗೈಯಲ್ಲಿ ಹೆಂಗೆ ಹೋಗ್ಲಿ ಅವನ ಮುಂದೆ? ನಿಮ್ಮಮ್ಮನ ಟಿಕೀಟು ಐತಲ್ಲ...' ಅಂದಳು. ಕೊಡ್ತೀನಿ ಅಂದೆ. 'ನಿಮ್ಮಮ್ಮ ಬೈಯಲ್ವಾ?' ಬೈಯಲ್ಲ ಅಂದೆ. ನಿನ್ನ ಪರವಾಗಿ ಮಾತು ಕೊಡುವ ಹಕ್ಕು ನನಗೆ ಎಲ್ಲಿಂದ ಬಂತೋ ತಿಳಿಯದು. ನಾನು ನಂಬಿಕೆಯಿಲ್ಲದವನೆಂದು ನಿನಗೆ ಗೊತ್ತು. ಪೆಟ್ಟಿಗೆಯಿಂದ ತೆಗೆಯುವಾಗ ಅದು ಕೆಲವು ಗಜ ಬಟ್ಟೆ, ಅಷ್ಟೇ ಅಂದುಕೊಂಡಿದ್ದೆ. ಗೋರಿ ಮುಚ್ಚಿದ ಮೇಲೆ ನಿನ್ನ ಮುಖ ನೆನಪಾಯಿತು.

ಗೋರಿ ತೋಡಿದ ಕರೀಮ್ ಸಾಬರ ಹತ್ತಿರ ಹೇಳಿಕೊಂಡೆ. ಅಮ್ಮ ಇನ್ನು ಏನನ್ನು ನೆಚ್ಚಿಕೊಂಡಿರಬೇಕು ಎಂದೆ. ಅವರು ಗುದ್ದಲಿಯ ಮಣ್ಣು ಕೆರೆಯುತ್ತಾ, 'ನಲವತ್ತು ವರ್ಷದಿಂದ ಇಳಿಸ್ತಾ ಇವ್ನಿ ಮೇಷ್ಟ್ರೇ. ಯಾವ ಬಟ್ಟೇನೂ ಮಣ್ಣಲ್ಲಿ ಉಳಿಯಲ್ಲ. ಗೋರಿಯಿಂದ ಎಬ್ಬಿಸ್ತೀನಿ ಅಂತ ಮಾತು ಕೊಟ್ಟೋನು ಮೇಲಿರೋನು, ಬಟ್ಟೆ ಅಲ್ಲ. ಅವನ ಮಾತಿಗೆ ಗೆದ್ದಲು ಹಿಡೀತದಾ?' ಅಂದರು.

ಮನೆಗೆ ನಡೆದು ಬರುವಾಗ ನನಗೆ ಸಿಡುಬು ಬಂದಿದ್ದ ವರ್ಷ ನೆನಪಾಯಿತು. ಆಗ ನಿನ್ನ ಹತ್ತಿರ ಜಮ್‌ಜಮ್ ಬಟ್ಟೆ ಇರಲಿಲ್ಲ, ಔಷಧಿಯೂ ಇರಲಿಲ್ಲ. ಎರಡು ಬರಿಗೈ ಚಾಚಿ ಬೇಡುತ್ತಾ ನನ್ನ ತಲೆಯ ಹತ್ತಿರ ಕೂತಿದ್ದೆ. ಬದುಕುತ್ತಾನೆ ಎಂದು ಬಂದವರಿಗೆಲ್ಲ ನೀನೇ ಧೈರ್ಯ ಹೇಳುತ್ತಿದ್ದೆಯಂತೆ. ಖಾಲಾ ಅಷ್ಟು ಹೆದರಿದ್ದು ಅಂಥ ಬರಿಗೈಗೇ. ಆ ಕೈಗಳು ನಿನ್ನಲ್ಲಿ ಈಗಲೂ ಇವೆಯೆಂದು ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ನನ್ನನ್ನು ಬೈ, ಅವಳನ್ನು ಬೇಡ.

ಜಹೀದಾಗೂ ಅವಳ ಯಜಮಾನರಿಗೂ ಸಲಾಮ್. ಕೂಸಿನ ಹಣೆಗೆ ನನ್ನ ಪರವಾಗಿ ಒಂದು ಮುತ್ತು.

ನಿನ್ನ ಮಗ,
ಅಬ್ದುಲ್ ರಶೀದ್

ಮರೆತದ್ದು: ನಿಮ್ಮ ಕಡೆಗೆ ಕಾಗದ ಒಯ್ಯುವ ಪಾವಗಡದ ಬಸ್ಸು ಹೊರಡುತ್ತಿದೆ, ಬೇಗ ಬರೆಯುತ್ತೇನೆ. ಕೊನೆಯ ಹೊತ್ತಿನಲ್ಲಿ ಖಾಲಾಗೆ ನಂಬಿಕೆಯ ಮಾತಾದ ಕಲ್ಮಾ ಹೇಳಿಕೊಡಲು ಬೇರೆ ಯಾರೂ ಇರಲಿಲ್ಲ. ಹದಿನೈದು ವರ್ಷ ಬಾಯಿಗೆ ಬಾರದಿದ್ದುದನ್ನು ನಾನೇ ಹೇಳಿದೆ; ಅವಳು ನನ್ನ ಹಿಂದೆ ಹೇಳಿದಳು. ಅರ್ಧಕ್ಕೆ ಅವಳ ದನಿ ನಿಂತಿತು. ಉಳಿದದ್ದನ್ನು ನಾನೊಬ್ಬನೇ ಹೇಳಿ ಮುಗಿಸಿದೆ. ಅವಳಿಗೋಸ್ಕರ ಎಂದು ಎಲ್ಲರಿಗೂ ಹೇಳಿದ್ದೇನೆ. ನಿನಗೆ ಹಾಗೆ ಹೇಳಲಾರೆ.