ಶುಂಠಿಯ ಗಡಿಗೆ

ಅಮ್ಮಾ,

ನಾನು ಹೆತ್ತು ಇಂದಿಗೆ ಹನ್ನೆರಡು ದಿನ. ಹೆಣ್ಣು ಮಗು. ಬೆಳಿಗ್ಗೆ ಪಕ್ಕದ ಮನೆಯ ಕ್ವಾನ್ ಚಿಕ್ಕಮ್ಮ ಒಂದು ಮಣ್ಣಿನ ಗಡಿಗೆ ಹೊತ್ತು ತಂದರು. ಬಾಣಂತಿಗೆಂದು ನೀನು ಸಿಹಿ ವಿನೆಗರ್‌ನಲ್ಲಿ ಹಾಕಿಟ್ಟ ಶುಂಠಿ. "ಆ ನಾತ ನನ್ನ ಮನೆಗೆ ಬೇಡ" ಎಂದು ನಾನು ಬಸುರಿಯಾಗಿದ್ದಾಗ ಐಸ್ ಟೀ ಹೀರುತ್ತಾ ಹೇಳಿದೆನಲ್ಲ, ಅವತ್ತೇ ಅದನ್ನು ಅವರ ಮನೆಯಲ್ಲಿ ಇಟ್ಟೆಯಂತೆ.

"ವಾರವಾರ ಬಂದು ಕೆಡದ ಹಾಗೆ ಕುದಿಸ್ತಿದ್ಲು ನಿಮ್ಮಮ್ಮ. ಅವಳು ತೀರ್ಕೊಂಡ್ಮೇಲೆ ನಾನು ಕುದಿಸ್ದೆ. ಈ ಫೋಶಾನ್ ಊರಿಗೆಲ್ಲ ನೀನೊಬ್ಳೇ ಬುದ್ಧಿವಂತೆ! ಹೆತ್ತ ಮೈಯೆಲ್ಲ ಶೀತ ಕಣೇ, ಬಾಯಿ ಮುಚ್ಕೊಂಡು ತಿನ್ನು," ಎಂದರು. ಹಂದಿಕಾಲು, ಮೊಟ್ಟೆ ಹಾಕಿ ಅವರೇ ಬೇಯಿಸಿದರು. ತಿಂದೆ. ರುಚಿ ಗೊತ್ತಾಗಲಿಲ್ಲ.

ಮಗು ಹುಟ್ಟಿದ ಸುದ್ದಿ ತಿಳಿಸಲು ಮನೆಮನೆಗೂ ಒಂದೊಂದು ಬಟ್ಟಲು ಹೋಗಬೇಕಲ್ಲ, ಚಿಕ್ಕಮ್ಮ ಮೊದಲನೆಯದನ್ನು ನಿನ್ನ ಫೋಟೋದ ಮುಂದಿಟ್ಟರು. "ನಿಮ್ಮಮ್ಮಂಗೆ ನೀನೇ ಹೇಳು," ಎಂದು ಉಳಿದದ್ದನ್ನು ಹಂಚಲು ಹೋದರು.

ನಾನು ಈ ಕಾಗದ ಬರೆಯಲು ಕೂತೆ. ಬಟ್ಟಲು ತಣ್ಣಗಾಯಿತು. ತಣ್ಣಗಾದದ್ದನ್ನು ನೀನು ಮುಟ್ಟುವವಳಲ್ಲ. ಇಷ್ಟರಲ್ಲಿ ಮೂರು ಸಲ ಬಿಸಿ ಮಾಡಿ ತಂದಿಟ್ಟಿದ್ದೇನೆ.