ಅಪ್ಪ ಕತ್ತರಿಸಿದ ಪ್ಯಾಕಿಂಗ್

೧೧ ಸೆಪ್ಟೆಂಬರ್ ೨೦೨೫, ಗುರುವಾರ

ಇವತ್ತೂ ಸಿಗಲಿಲ್ಲ. ಅಪ್ಪನ ಹಳೆಯ ಕಾಂಟೆಸಾ ಕಾರಿನ ಹಿಂದಿನ ಆಕ್ಸಲ್ಲಿಗೆ ಎಣ್ಣೆ ತಡೆಯುವ ಅಂಗೈಯಗಲದ ಒಂದು ಪ್ಯಾಕಿಂಗ್ ಬೇಕು, ಅಷ್ಟೇ. ಅದಿಲ್ಲದೆ ಎಣ್ಣೆ ಸೋರಿ ಬ್ರೇಕಿಗೆ ಇಳಿಯುತ್ತಿದೆ. ಕೌಲ್ ಬಜಾರಿನ ಮೆಕ್ಯಾನಿಕ್ ಹುಲುಗಪ್ಪ, "ಭಾನುವಾರ ತನಕ ನೋಡ್ತೀನಿ ಸರ್, ಆಮ್ಯಾಲೆ ಪೇಸ್ಟ್ ಬಳಿದು ಕೈ ತೊಳಕಂತೀನಿ" ಅಂದಿದ್ದಾನೆ. ಪೇಸ್ಟ್ ನಂಬಿ ಆ ಗಾಡಿಯಲ್ಲಿ ಮಗಳನ್ನು ಕೂರಿಸಲಾರೆ.

ಬಿಚ್ಚಿದ ಹಳೆಯ ಪ್ಯಾಕಿಂಗನ್ನೇ ಮಾದರಿಗೆ ಹಿಡಿದು ಮೂರು ದಿನ ಅಲೆದೆ. ಸಿರುಗುಪ್ಪ ಸುತ್ತಿದ್ದಾಯ್ತು, ಕಾಲು ಸತ್ತಿದ್ದಾಯ್ತು. ಅಂಗಡಿಯವರು ತೋರಿಸಿದ್ದೆಲ್ಲ ಒಂದು ಕೂದಲೆಳೆ ಹೆಚ್ಚುಕಮ್ಮಿ. ಇವತ್ತು ಕುರುಗೋಡಿನ ಬಿಡಿಭಾಗದ ಅಂಗಡಿಯ ಪಾರಮ್ಮ ಅದನ್ನು ಸೀಮೆಎಣ್ಣೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರು.

"ಇದು ಪ್ಯಾಕಿಂಗ್ ಅಲ್ರೀ ಅಣ್ಣಾ, ಲಗ್ನಪತ್ರಿಕಿ. ಚಿ. ಸೌ. ಸುಪ್ರಜಾ ಅಂತ ಐತಿ ನೋಡ್ರಿ!"

ನನ್ನ ಹೆಂಡತಿಯ ಹೆಸರು. ನನ್ನದೇ ಮದುವೆಯದು. ಹಂಚಿ ಉಳಿದದ್ದನ್ನು ಅಪ್ಪ ಕತ್ತರಿಸಿ ಆಕ್ಸಲ್ಲಿಗೆ ಹಾಕಿದ್ದಾರೆ, ಯಾರಿಗೂ ಹೇಳಿಲ್ಲ. ಇಪ್ಪತ್ತು ವರ್ಷ ಎಣ್ಣೆ ಕುಡಿದು ಉಬ್ಬಿದ ಕಾರ್ಡಿಗೆ ನಾನು ಊರೂರಲ್ಲಿ ಜೋಡಿ ಹುಡುಕುತ್ತಿದ್ದೆ.

ಮನೆಗೆ ಬಂದು ತೋರಿಸಿದರೆ ಹೆಂಡತಿ ನಗಲೂ ಇಲ್ಲ. "ನಿಮಗಿಂತ ಅದೇ ಗಟ್ಟಿ ನಿಂತದ ಬಿಡ್ರಿ" ಅಂದಳು.

ನಾಳೆ ಈ ಮಾದರಿ ಬೇಡ. ಆಕ್ಸಲ್ ಮೇಲೆಯೇ ಕಾಗದ ಒತ್ತಿ ಅಚ್ಚು ತೆಗೆದು, ಮತ್ತೆ ಸಿರುಗುಪ್ಪ, ಮತ್ತೆ ಕುರುಗೋಡು. ಪೇಸ್ಟ್ ಮಾತ್ರ ಬಳಿಸುವುದಿಲ್ಲ. ಅಪ್ಪನದನ್ನು ಈ ಪುಟದೊಳಗೇ ಇಟ್ಟಿದ್ದೇನೆ. ಎಣ್ಣೆ ಆಗಲೇ ನಾಳೆಯ ಪುಟಕ್ಕೆ ಇಳಿದಿದೆ, ಇಲ್ಲೂ ಪೆನ್ನು ಜಾರುತ್ತಿ—