ಪೆಂಕಾಳ ಗಡಿಗೆಯ ಹೆಪ್ಪು

ಪ್ಲೊವ್ದಿವ್, ಗುರುವಾರ

ಅಕ್ಕಾ,

ಬಂದು ತಲುಪಿದೆ. ಮಂಡಿನೋವು ಹಾಗೇ ಇದೆ, ಈ ಪ್ರಯೋಗಾಲಯಕ್ಕೆ ಮೆಟ್ಟಿಲು ಬಹಳ. ನನ್ನವಳು ದೋಬ್ರಾ ಸಾಯುವಾಗ ಬಿಟ್ಟುಹೋದ ಹೆಪ್ಪನ್ನು ಪಕ್ಕದ ಮನೆ ಪೆಂಕಾ ಕದ್ದಳೆಂದು ತೋರಿಸಲು ನಮ್ಮ ಮೊಸರನ್ನೂ ಅವಳು ಸಂತೆಯಲ್ಲಿ ಮಾರುವ ಮೊಸರನ್ನೂ ತಂದಿದ್ದೆನಲ್ಲ. ಇಲ್ಲಿನ ಹುಡುಗಿ ಮೊಸರಿನ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಪರದೆಯ ಮೇಲೆ ತೋರಿಸಿದಳು. ಯಾವ ಪ್ರೋಟೀನನ್ನೂ ಮಾಡದ ಅವೇ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ಮೇಲೆ ‘ರಿಪೀಟ್’ ಎಂದಿತ್ತು, ಕಾಲೇಜಿನ ಇಂಗ್ಲಿಷ್ ಅಷ್ಟಾದರೂ ಉಳಿದಿದೆ. ಅವುಗಳ ನಡುನಡುವೆ, ಹಿಂದೆಂದೋ ಆ ಬ್ಯಾಕ್ಟೀರಿಯಾಕ್ಕೆ ತಗುಲಿದ ವೈರಸ್ಸುಗಳ ಚೂರುಗಳು ಇರುತ್ತವಂತೆ. ಒಂದೊಂದು ಹೆಪ್ಪಿಗೂ ಅವು ಬೇರೆ ಬೇರೆ, ಕಾರ್ಖಾನೆ ಹೆಪ್ಪುಗಳದ್ದೆಲ್ಲ ಇವರ ಬಳಿ ಪಟ್ಟಿಯಿದೆ.

“ತಾತ, ಪೆಂಕಾ ಅಜ್ಜಿದು ಯಾವ ಕಾರ್ಖಾನೆದೂ ಅಲ್ಲ, ಹಳೇ ಮನೆ ಹೆಪ್ಪು. ನಿಮ್ಮ ಮೊಸರೇ ಅಂಗಡಿ ಡಬ್ಬಿದು!” ಅಂದಳು.

“ನೀನೇ ಅದಲುಬದಲು ಮಾಡಿರ್ತೀಯ ಕಣಮ್ಮ.”

“ಎರಡು ಸಲ ನೋಡಿದೀನಿ ತಾತ. ನಿಮ್ಮ ಗಡಿಗೆ ಯಾರ ಕೈಲಿತ್ತು ಅಂತ ಊರಲ್ಲಿ ವಿಚಾರಿಸಿ.”

ಚಳಿಗಾಲದಲ್ಲಿ ನಾನು ಆಸ್ಪತ್ರೆಯಲ್ಲಿದ್ದಾಗ ದಿನಾ ಹೆಪ್ಪು ಹಾಕಿದವಳು ನೀನು. ಅದು ಕೆಟ್ಟುಹೋಯಿತಾ? ಗುಟ್ಟಾಗಿ ಅಂಗಡಿಯಿಂದ ತಂದು ಸೇರಿಸಿದೆಯಾ? ನಿಜ ಹೇಳು, ಬೈಯುವುದಿಲ್ಲ.

ಕದ್ದದ್ದೋ, ಪೆಂಕಾ ಹೇಳುವಂತೆ ದೋಬ್ರಾನೇ ಕೊಟ್ಟದ್ದೋ, ದೋಬ್ರಾಳ ಹೆಪ್ಪು ಈಗ ಉಳಿದಿರುವುದು ಪೆಂಕಾಳ ಗಡಿಗೆಯಲ್ಲಿ ಮಾತ್ರ. ನನ್ನ ಮೇಲಿನ ಸಿಟ್ಟಿಗೆ ಅವಳು ಮಗಳ ಮನೆಗೆ ಹೊರಟು ನಿಂತಿದ್ದಾಳೆ. ಈ ಕಾರ್ಡು ಸಿಕ್ಕ ಕೂಡಲೇ ಬಟ್ಟಲು ಹಿಡಿದು ಹೋಗು, ನನ್ನ ಪರವಾಗಿ ತಪ್ಪಾಯಿತು ಅಂದು ಹೆಪ್ಪು ಕೇಳು. ಕೊಡುವಾಗ ಅವಳ ಕೈ ಮೇಲೆ ಕಣ್ಣಿಟ್ಟಿರು, ಅವಳೂ ಡಬ್ಬಿಯದನ್ನೇ ಸುರಿದಾಳು.

ಜಾಗ ಮುಗಿಯಿತು.
ನಿನ್ನ ತಮ್ಮ ಮಿಂಚೊ